‘ಖಬರು’ ಮತ್ತು ಕಾನೂನು: ಚಿತ್ತವಿಕಲತೆಯ ಪ್ರತಿವಾದದ ಒಂದು ವಿಮರ್ಶೆ

1

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಸೀಮೆಯ ಆಡುನುಡಿಯಲ್ಲಿ ‘ಖಬರು’ ಎಂಬ ಪದ ಬಳಕೆಯಲ್ಲಿದೆ. ಅರಬ್ಬಿ ಮೂಲದ ಈ ಪದಕ್ಕೆ ಸುದ್ದಿ, ಸಮಾಚಾರ ಎಂಬುದು ಮೂಲಾರ್ಥ. ಉತ್ತರ ಕರ್ನಾಟಕದ ಜನರ ಬಾಯಲ್ಲಿ ಅದು ಎಚ್ಚರ, ಅರಿವು, ತಾನೇನು ಮಾಡುತ್ತಿದ್ದೇನೆಂಬ ತಿಳಿವಳಿಕೆ ಎಂಬ ಅರ್ಥಗಳಿಗೆ ಹಿಗ್ಗಿದೆ. ಕುಡಿದವನ ಬಗ್ಗೆಯೂ ‘ಖಬರು ಇದ್ದಿಲ್ಲ’ ಎನ್ನುತ್ತಾರೆ. ಜ್ವರದ ತಾಪದಲ್ಲಿ ಬಡಬಡಿಸುವವನ ಬಗ್ಗೆಯೂ, ಮಗನನ್ನು ಕಳೆದುಕೊಂಡ ತಾಯಿಯ ಬಗ್ಗೆಯೂ, ಮೈಮೇಲೆ ದೇವರು ಬಂದವನ ಬಗ್ಗೆಯೂ, ವರ್ಷಗಟ್ಟಲೆ ತಲೆ ಕೆಟ್ಟು ಅಲೆಯುವವನ ಬಗ್ಗೆಯೂ ಅದೇ ಮಾತನ್ನು ಆಡುತ್ತಾರೆ. ಕೇಳುವ ಊರವರಿಗೆ ಯಾವುದು ಯಾವುದೆಂಬುದು ಸಂದರ್ಭದಿಂದಲೇ ತಿಳಿಯುತ್ತದೆ. ಆದರೆ ಅದೇ ಮಾತು ನ್ಯಾಯಾಲಯದ ಸಾಕ್ಷಿಕಟ್ಟೆಯಿಂದ ಬಂದಾಗ ಅದರ ಗತಿ ಬೇರೆಯಾಗುತ್ತದೆ. ಕುಡಿದವನ ಪ್ರಶ್ನೆಗೆ ಕಾನೂನಿನಲ್ಲಿ ಒಂದು ಕಲಮು, ಕೆರಳಿದವನ ಪ್ರಶ್ನೆಗೆ ಇನ್ನೊಂದು, ಚಿತ್ತ ಕೆಟ್ಟವನ ಪ್ರಶ್ನೆಗೆ ಮತ್ತೊಂದು. ಒಂದೇ ಪದದ ಹಿಂದಿರುವ ಈ ಭಿನ್ನ ಸ್ಥಿತಿಗಳನ್ನು ಬಿಡಿಸಿ ಕೇಳುವ ವ್ಯವಧಾನ ವಿಚಾರಣೆಯಲ್ಲಿ ಇಲ್ಲದಿದ್ದರೆ, ಹೇಳಿದ ಸತ್ಯವೂ ಹೇಳದಂತೆಯೇ ಆಗಿಬಿಡುತ್ತದೆ.

ಪ್ರಸ್ತುತ ಲೇಖನವು ದಂಡನೀತಿಯಲ್ಲಿ ಚಿತ್ತವಿಕಲತೆಯ ಪ್ರತಿವಾದವೆಂದು ಹೆಸರಾದ ನಿಯಮವನ್ನು ಈ ಸೀಮೆಯ ನೆಲೆಯಿಂದ ಓದುವ ಪ್ರಯತ್ನವಾಗಿದೆ. ಲೇಖನದ ವಾದ ಇಷ್ಟು: ಈ ಪ್ರತಿವಾದ ನಿಲ್ಲುವುದು ಅಥವಾ ಬೀಳುವುದು ಕಲಮಿನ ಪದಗಳಿಂದ ಮಾತ್ರವಲ್ಲ, ಕೃತ್ಯಕ್ಕೆ ಮುಂಚೆ ಆ ವ್ಯಕ್ತಿಯ ಕಾಯಿಲೆ ಎಲ್ಲಿ, ಯಾವ ಭಾಷೆಯಲ್ಲಿ, ಯಾರ ಬಳಿ ದಾಖಲಾಗಿತ್ತು ಎಂಬುದರಿಂದ. ದಾಖಲೆಯೇ ಇಲ್ಲದ ಬಡವನ ಪಾಲಿಗೆ ನೆರೆಹೊರೆಯವರ ನೆನಪೇ ದಾಖಲೆ. ಆ ನೆನಪನ್ನು ಸಾಕ್ಷ್ಯವಾಗಿ ಸ್ವೀಕರಿಸುವ ವಿಧಾನವನ್ನು ನಮ್ಮ ನ್ಯಾಯವ್ಯವಸ್ಥೆ ಇನ್ನೂ ಸಾಕಷ್ಟು ರೂಢಿಸಿಕೊಂಡಿಲ್ಲ.

ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಬಳ್ಳಾರಿ ಪ್ರದೇಶವು 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿತು. ಕೂಡ್ಲಿಗಿ ತಾಲ್ಲೂಕಿನೊಳಗಿದ್ದ ಕೊಟ್ಟೂರು ಮುಂದೆ ಪ್ರತ್ಯೇಕ ತಾಲ್ಲೂಕಾಯಿತು. 2021ರಿಂದ ಈ ಐದೂ ವಿಜಯನಗರ ಜಿಲ್ಲೆಯ ಭಾಗಗಳಾಗಿವೆ. ಗಡಿಗಳು ಹೀಗೆ ಬದಲಾದರೂ, ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಡೆದ ಒಂದು ಪ್ರಯೋಗ ಇಡೀ ದೇಶದ ಮಾನಸಿಕ ಆರೋಗ್ಯ ನೀತಿಗೆ ಮಾದರಿಯಾಯಿತು. ಅಪರಾಧ ಕಾನೂನಿನ ಚರ್ಚೆಯಲ್ಲಿ ಆ ಪ್ರಯೋಗಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

2

ಮೊದಲು ಕಲಮಿನ ಪಠ್ಯವನ್ನು ನೋಡಬಹುದು. 1860ರ ಭಾರತ ದಂಡ ಸಂಹಿತೆಯ 84ನೇ ಕಲಮು 1862ರ ಜನವರಿ 1ರಿಂದ ಜಾರಿಗೆ ಬಂದು, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿಗೆ ಸ್ಥಾನ ಬಿಟ್ಟುಕೊಟ್ಟಿತು. ಸಾರಾಂಶ ಎರಡರಲ್ಲೂ ಒಂದೇ. ಕೃತ್ಯ ಎಸಗಿದ ಸಮಯದಲ್ಲಿ ಚಿತ್ತಸ್ವಾಸ್ಥ್ಯವಿಲ್ಲದ ಕಾರಣದಿಂದ, ತಾನು ಮಾಡುತ್ತಿರುವ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದನ್ನಾಗಲಿ ಅರಿಯಲು ಅಸಮರ್ಥನಾದ ವ್ಯಕ್ತಿ ಮಾಡಿದ್ದು ಅಪರಾಧವಾಗುವುದಿಲ್ಲ.

ಈ ಸೂತ್ರದ ಮೂಲ ಇಂಗ್ಲೆಂಡಿನಲ್ಲಿದೆ. 1843ರಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್ ಅವರನ್ನು ಗುಂಡಿಟ್ಟು ಕೊಂದು, ಚಿತ್ತಭ್ರಮೆಯ ಆಧಾರದ ಮೇಲೆ ಖುಲಾಸೆಗೊಂಡ. ಸಾರ್ವಜನಿಕ ಆಕ್ರೋಶ ಎದ್ದಿತು. ಸಂಸತ್ತಿನ ಮೇಲ್ಮನೆ ನ್ಯಾಯಾಧೀಶರಿಗೆ ಪ್ರಶ್ನೆಗಳನ್ನು ಹಾಕಿತು. ಅವರ ಉತ್ತರಗಳೇ ಮ್ಯಾಕ್‌ನಾಟನ್ ನಿಯಮಗಳಾದವು. ಮೆಕಾಲೆಯ ಅಧ್ಯಕ್ಷತೆಯಲ್ಲಿ 1837ರಲ್ಲಿ ಸಿದ್ಧವಾಗಿದ್ದ ಭಾರತದ ಕರಡಿನಲ್ಲಿ ಈ ವಿಷಯಕ್ಕೆ ಬೇರೆ ಪದಗಳಿದ್ದವು. 1860ರ ಹೊತ್ತಿಗೆ ಹೊಸ ನಿಯಮಗಳ ಛಾಯೆ ಅದರ ಮೇಲೆ ಬಿದ್ದಿತ್ತು. ಲಂಡನ್ನಿನ ಒಂದು ಮೊಕದ್ದಮೆಯ ಆತಂಕ ಹೀಗೆ ಕೂಡ್ಲಿಗಿಯ ಹಳ್ಳಿಗಾಡಿನ ನಿಯಮವಾಯಿತು.

ಪಠ್ಯದ ಎರಡು ಲಕ್ಷಣಗಳು ವಿಮರ್ಶೆಗೆ ಅರ್ಹವಾಗಿವೆ. ಮೊದಲನೆಯದು, ಅದು ಅರಿವನ್ನು ಮಾತ್ರ ಕೇಳುತ್ತದೆ. ಅರಿತೂ ತಡೆದುಕೊಳ್ಳಲಾಗದ ಸ್ಥಿತಿ, ಭಾವನೆ ಬತ್ತಿಹೋದ ಸ್ಥಿತಿ, ‘ನೀನು ಕೊಲ್ಲದಿದ್ದರೆ ಅವರು ನಿನ್ನನ್ನು ಕೊಲ್ಲುತ್ತಾರೆ’ ಎಂದು ಕಿವಿಯಲ್ಲಿ ಸದಾ ನುಡಿಯುವ ದನಿ ಇವು ಅದರ ಅಳತೆಗೆ ಸುಲಭವಾಗಿ ಸಿಗುವುದಿಲ್ಲ. ಎರಡನೆಯದು, ಅದು ಕಾಲವನ್ನು ಒಂದು ಕ್ಷಣಕ್ಕೆ ಕುಗ್ಗಿಸುತ್ತದೆ. ಕಾಯಿಲೆ ವರ್ಷಗಳ ಉದ್ದಕ್ಕೂ ಹರಡಿಕೊಂಡಿರುತ್ತದೆ. ಕಾನೂನು ಕೇಳುವುದು ಕೃತ್ಯದ ಆ ಗಳಿಗೆಯನ್ನು. ಆ ಗಳಿಗೆಯಲ್ಲಿ ವೈದ್ಯರು ಯಾರೂ ಅಲ್ಲಿರುವುದಿಲ್ಲ. ಇರುವುದು ಮನೆಯವರು, ಎಷ್ಟೋ ಸಲ ಅವರಲ್ಲೊಬ್ಬರೇ ಸತ್ತವರು.

ವೈದ್ಯಕೀಯ ದೃಷ್ಟಿಯ ಹುಚ್ಚು ಬೇರೆ, ಕಾನೂನಿನ ದೃಷ್ಟಿಯ ಹುಚ್ಚು ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ. 2023ರಲ್ಲಿ ಹೊಸ ಸಂಹಿತೆಯ ಮೊದಲ ಮಸೂದೆ ‘ಮಾನಸಿಕ ಕಾಯಿಲೆ’ ಎಂಬ ಪದವನ್ನು ತರಲು ಹೊರಟಿತ್ತು. ಸಂಸದೀಯ ಸ್ಥಾಯಿ ಸಮಿತಿಯ ಸಲಹೆಯ ಮೇರೆಗೆ ಹಳೆಯ ‘ಚಿತ್ತಸ್ವಾಸ್ಥ್ಯವಿಲ್ಲದಿರುವಿಕೆ’ಯೇ ಮರಳಿತು. ಕಾಯಿಲೆಯ ಹೆಸರಿದ್ದವರೆಲ್ಲ ಶಿಕ್ಷೆಯಿಂದ ಪಾರಾಗಬಾರದೆಂಬ ಎಚ್ಚರಿಕೆ ಅದರ ಹಿಂದಿದೆ. ಆ ಎಚ್ಚರಿಕೆ ನ್ಯಾಯವಾದದ್ದೇ. ಆದರೆ ವ್ಯಾಖ್ಯೆಯೇ ಇಲ್ಲದ ಆ ಪದವನ್ನು ಯಾವ ಸಾಕ್ಷ್ಯದಿಂದ ತುಂಬಬೇಕೆಂಬ ಪ್ರಶ್ನೆ ಉಳಿದೇ ಇದೆ.

3

ರುಜುವಾತಿನ ಭಾರ ಯಾರ ಮೇಲಿದೆ ಎಂಬಲ್ಲಿಗೆ ಈ ಪ್ರಶ್ನೆ ನಮ್ಮನ್ನು ಒಯ್ಯುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 105ನೇ ಕಲಮು, ಅದರ ಸ್ಥಾನದಲ್ಲಿ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮು, ಇಂಥ ವಿನಾಯಿತಿಯನ್ನು ಕೇಳುವ ಆಪಾದಿತನೇ ಅದನ್ನು ತೋರಿಸಬೇಕೆನ್ನುತ್ತವೆ. ಈ ಭಾರದ ತೂಕವೆಷ್ಟೆಂಬುದನ್ನು ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ತಿಳಿಯಬಹುದು. ಎರಡರಲ್ಲಿಯೂ ಗಂಡನಿಂದ ಹೆಂಡತಿಯ ಕೊಲೆಯಾಗಿದೆ.

1964ರ ದಹ್ಯಾಭಾಯಿ ಛಗನ್‌ಭಾಯಿ ಠಕ್ಕರ್ ಪ್ರಕರಣ ಗುಜರಾತಿನದು. ನ್ಯಾಯಮೂರ್ತಿ ಸುಬ್ಬರಾವ್ ಅವರು ಬರೆದ ತೀರ್ಪು ಇಂದಿಗೂ ಆಧಾರಸ್ತಂಭವಾಗಿದೆ. ಆಪಾದಿತ ತನ್ನ ಭಾರವನ್ನು ಸಂಭವನೀಯತೆಯ ಮಟ್ಟದಲ್ಲಿ ನಿರ್ವಹಿಸಿದರೆ ಸಾಕು. ಪೂರ್ತಿಯಾಗಿ ನಿರ್ವಹಿಸಲು ಸೋತರೂ, ಅವನ ಸಾಕ್ಷ್ಯ ದುರುದ್ದೇಶದ ಬಗ್ಗೆ ಸಕಾರಣ ಸಂದೇಹ ಹುಟ್ಟಿಸಿದರೆ ಸಂದೇಹದ ಲಾಭ ಅವನದೇ ಎಂಬ ಉದಾರ ತತ್ತ್ವ ಅದರಲ್ಲಿದೆ. ತತ್ತ್ವ ಹೀಗಿದ್ದೂ ಆಪಾದಿತನಿಗೆ ಶಿಕ್ಷೆ ಖಾಯಂ ಆಯಿತು. ಅವನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದು ಪ್ರಾಸಿಕ್ಯೂಷನ್ ಪರವಾಗಿ ಕರೆಸಿದ ಸಾಕ್ಷಿಗಳೇ ನ್ಯಾಯಾಲಯದಲ್ಲಿ ನುಡಿದಿದ್ದರು. ಆದರೆ ಪೊಲೀಸರ ಮುಂದಿನ ಹೇಳಿಕೆಯಲ್ಲಿ ಅವರು ಅದನ್ನು ಹೇಳಿರಲಿಲ್ಲ. ಆದ್ದರಿಂದ ಅವರ ಮಾತು ನಂಬಿಕೆಗೆ ಅರ್ಹವಾಗಲಿಲ್ಲ.

2002ರ ಶ್ರೀಕಾಂತ್ ಆನಂದರಾವ್ ಭೋಸಲೆ ಪ್ರಕರಣ ಮಹಾರಾಷ್ಟ್ರದ್ದು. ಆಪಾದಿತ ಪೊಲೀಸ್ ಪೇದೆ. ತಂದೆಗೂ ಮಾನಸಿಕ ಕಾಯಿಲೆ ಇತ್ತು. 1992ರಿಂದ ಆತನಿಗೆ ಚಿಕಿತ್ಸೆ ನಡೆದಿತ್ತು. ಸಂಶಯಪ್ರಧಾನ ಸ್ಕಿಜೋಫ್ರೇನಿಯಾ ಎಂದು ರೋಗನಿದಾನವಾಗಿತ್ತು. 1994ರ ಏಪ್ರಿಲ್‌ನಲ್ಲಿ ಕೊಲೆ ನಡೆದ ಮೇಲೆ, ಅದೇ ವರ್ಷ ಜೂನ್‌ನಿಂದ ಡಿಸೆಂಬರ್‌ವರೆಗೆ 25 ಬಾರಿ ಆತನನ್ನು ಆಸ್ಪತ್ರೆಗೆ ಒಯ್ಯಲಾಗಿತ್ತು. ಉದ್ದೇಶ ದುರ್ಬಲ, ಕೃತ್ಯ ಹಾಡಹಗಲಿನದು, ಓಡಿಹೋಗುವ, ಬಚ್ಚಿಡುವ ಯತ್ನವಿಲ್ಲ. ಹಿಂದಿನ, ಅಂದಿನ ಮತ್ತು ಆಮೇಲಿನ ಸನ್ನಿವೇಶಗಳನ್ನು ಒಟ್ಟಾಗಿ ನೋಡಿ ಸರ್ವೋಚ್ಚ ನ್ಯಾಯಾಲಯ ಆತನಿಗೆ 84ನೇ ಕಲಮಿನ ರಕ್ಷಣೆ ನೀಡಿತು.

ಮೊದಲನೆಯವನು ಸ್ವಸ್ಥ, ಎರಡನೆಯವನು ಅಸ್ವಸ್ಥ ಎಂಬ ಸರಳ ತೀರ್ಮಾನಕ್ಕೆ ಬರಲು ಅಡ್ಡಿಯಿಲ್ಲ. ಆದರೆ ಎರಡನೆಯವನ ಕಾಯಿಲೆ ಕಾಗದದಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ. ಸರ್ಕಾರಿ ನೌಕರನಾದವನಿಗೆ ರಜೆಚೀಟಿಗೂ ವೈದ್ಯರ ಸಹಿ ಬೇಕು. ಅವನ ಅಸ್ವಾಸ್ಥ್ಯ ತನಗೆ ತಾನೇ ದಾಖಲೆಯನ್ನು ಹುಟ್ಟಿಸುತ್ತದೆ. ಜೋಳದ ಹೊಲದಲ್ಲಿ ಕೂಲಿ ಮಾಡುವವನ, ಕುರಿ ಕಾಯುವವನ, ಸುಗ್ಗಿ ಮುಗಿದ ಮೇಲೆ ದುಡಿಮೆ ಅರಸಿ ಗುಳೆ ಹೋಗುವವನ ಅಸ್ವಾಸ್ಥ್ಯ ಯಾವ ಕಾಗದವನ್ನೂ ಹುಟ್ಟಿಸುವುದಿಲ್ಲ. ಅವನ ಬಗ್ಗೆ ಉಳಿಯುವುದು ನೆರೆಯವರ ಮಾತು. ಆ ಮಾತು ಮೊದಲ ದಿನ ಪೊಲೀಸ್ ಹೇಳಿಕೆಯಲ್ಲಿ ಬಾರದಿದ್ದರೆ ಮುಂದೆ ಅದು ಕಟ್ಟುಕಥೆ ಎನಿಸಿಕೊಳ್ಳುತ್ತದೆ. ಹೆಣ ಅಂಗಳದಲ್ಲಿರುವ ಹೊತ್ತಿನಲ್ಲಿ ‘ಕೊಂದವನಾರು’ ಎಂದು ಕೇಳಿದ್ದಕ್ಕೆ ಉತ್ತರಿಸುವವರು ಅವನ ಹಿಂದಿನ ಹತ್ತು ವರ್ಷಗಳ ವೃತ್ತಾಂತವನ್ನು ತಾವಾಗಿ ಹೇಳುವುದಿಲ್ಲ. ಅದನ್ನು ಕೇಳಿ ಬರೆದುಕೊಳ್ಳಬೇಕಾದವರು ತನಿಖಾಧಿಕಾರಿಗಳು. 2007ರ ಬಾಪು ಅಲಿಯಾಸ್ ಗಜರಾಜ್ ಸಿಂಗ್ ತೀರ್ಪಿನಲ್ಲಿ ಈ ಕರ್ತವ್ಯದ ಉಲ್ಲೇಖವೂ ಇದೆ. ಹಿಂದಿನ ಚಿತ್ತವಿಕಲತೆಯ ಸುಳಿವು ತನಿಖೆಯಲ್ಲಿ ಸಿಕ್ಕರೆ, ಆಪಾದಿತನನ್ನು ಕೂಡಲೇ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿ ಅದರ ಫಲವನ್ನು ನ್ಯಾಯಾಲಯದ ಮುಂದಿಡುವುದು ಪ್ರಾಮಾಣಿಕ ತನಿಖಾಧಿಕಾರಿಯ ಕರ್ತವ್ಯ; ತಪ್ಪಿದರೆ ಅದು ಪ್ರಾಸಿಕ್ಯೂಷನ್ನಿನ ಗಂಭೀರ ಲೋಪ. ಆದರೆ ಸುಳಿವು ಸಿಗಬೇಕಾದರೆ ಸಾಕ್ಷಿಯ ಭಾಷೆ ಅರ್ಥವಾಗಬೇಕು.

4

ಈ ಸೀಮೆಯ ಭಾಷೆಯಲ್ಲಿ ಸುಳಿವುಗಳಿಗೆ ಕೊರತೆಯಿಲ್ಲ. ‘ಗಾಳಿ ಸೋಕಿದೆ’, ‘ಮಂಕು ಬಡಿದಿದೆ’, ‘ತಲೆ ಕೆಟ್ಟಿದೆ’, ‘ಮಳ್ಳು ಹಿಡಿದಿದೆ’, ‘ಮೈಮೇಲೆ ಬಂದಿದೆ’ ಎಂಬ ಮಾತುಗಳು ಒಂದಕ್ಕೊಂದು ಪರ್ಯಾಯಗಳಲ್ಲ. ಆದರೆ ಲಿಪಿಕಾರನ ಕೈಯಲ್ಲಿ ಅವೆಲ್ಲ ಒಂದೋ ‘ಹುಚ್ಚು’ ಎಂದು ಸಮನಾಗುತ್ತವೆ, ಇಲ್ಲವೇ ‘ಮೂಢನಂಬಿಕೆ’ ಎಂದು ಬದಿಗೆ ಸರಿಯುತ್ತವೆ. ಕನ್ನಡದಲ್ಲಿ ನುಡಿದ ಸಾಕ್ಷ್ಯ ಮೇಲ್ಮನವಿಯ ಹಂತದಲ್ಲಿ ಇಂಗ್ಲಿಷಿಗೆ ಅನುವಾದಗೊಂಡಾಗ ಉಳಿದ ಭೇದಗಳೂ ಮಾಯವಾಗುತ್ತವೆ.

ಜನಪದರು ಆವೇಶಕ್ಕೂ ಹುಚ್ಚಿಗೂ ವ್ಯತ್ಯಾಸ ಅರಿಯರು ಎಂಬುದು ನಗರದ ವಿದ್ಯಾವಂತರಲ್ಲಿ ರೂಢಮೂಲವಾದ ಗ್ರಹಿಕೆ. ಹಡಗಲಿ ತಾಲ್ಲೂಕಿನ ಮೈಲಾರ ಈ ಗ್ರಹಿಕೆಗೆ ಉತ್ತರವಾಗಿದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸ ವ್ರತದಲ್ಲಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ, ನೆರೆದ ಜನಸ್ತೋಮವನ್ನು ಸದ್ದಡಗಿಸಿ, ಕಾರಣಿಕದ ಒಂದು ನುಡಿಯನ್ನು ಹೇಳಿ ಮೇಲಿನಿಂದ ಬೀಳುತ್ತಾನೆ. ಗೊರವರು ನಾಯಿಯಂತೆ ಬೊಗಳುತ್ತಾರೆ; ಸರಪಳಿ ಹರಿಯುವ ಪವಾಡ ನಡೆಯುತ್ತದೆ. ಹೊರಗಿನ ಕಣ್ಣಿಗೆ ಇವೆಲ್ಲ ಚಿತ್ತವಿಕಲತೆಯ ಚಿಹ್ನೆಗಳಂತೆ ಕಂಡಾವು. ಆದರೆ ಊರವರಲ್ಲಿ ಯಾರೂ ಗೊರವನನ್ನು ಹುಚ್ಚನೆನ್ನುವುದಿಲ್ಲ. ಈ ಆವೇಶಕ್ಕೆ ತಿಥಿಯಿದೆ, ಸ್ಥಳವಿದೆ, ದೀಕ್ಷೆಯಿದೆ, ಸಾಕ್ಷಿಗಳಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ ಅದರಿಂದ ಮರಳುವ ದಾರಿಯಿದೆ. ಜಾತ್ರೆ ಮುಗಿದ ಮೇಲೆ ಗೊರವ ತನ್ನ ಬದುಕಿಗೆ ಹಿಂದಿರುಗುತ್ತಾನೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂಥ ಶಕ್ತಿಕ್ಷೇತ್ರಗಳಲ್ಲಿ ಮೈದುಂಬುವ ಭಕ್ತರ ವಿಷಯದಲ್ಲಿಯೂ ಸಮುದಾಯ ಇದೇ ಅಳತೆಗೋಲನ್ನು ಬಳಸುತ್ತದೆ. ಮರಳಿ ಬಾರದವನನ್ನು, ಹೊತ್ತುಗೊತ್ತಿಲ್ಲದೆ ತನ್ನಷ್ಟಕ್ಕೆ ಮಾತಾಡುವವನನ್ನು, ಉಣ್ಣದೆ ಮಲಗದೆ ಮೈಮೇಲಿನ ಬಟ್ಟೆಯ ಪರಿವೆ ಬಿಟ್ಟವನನ್ನು ಅದು ಬೇರೆಯಾಗಿಯೇ ಗುರುತಿಸುತ್ತದೆ.

ನಂಬಿಕೆಯಿಂದ ಹುಟ್ಟಿದ ಕೃತ್ಯವನ್ನು ನ್ಯಾಯಾಲಯಗಳು ಬೇರೊಂದು ಬಾಗಿಲಿನಿಂದ ಪರಿಶೀಲಿಸಿದ್ದೂ ಉಂಟು. ಒಡಿಶಾ ಉಚ್ಚ ನ್ಯಾಯಾಲಯದ 1960ರ ರಾಮ್ ಬಹಾದುರ್ ಥಾಪಾ ಪ್ರಕರಣದಲ್ಲಿ, ರಾತ್ರಿ ಮಿಣುಕುವ ಬೆಳಕಿನ ಬಳಿ ಚಲಿಸುತ್ತಿದ್ದ ಮಹಿಳೆಯರನ್ನು ದೆವ್ವಗಳೆಂದೇ ತಿಳಿದು ಹಲ್ಲೆ ಮಾಡಿದ ಆಪಾದಿತನಿಗೆ ವಾಸ್ತವಾಂಶದ ತಪ್ಪುತಿಳಿವಳಿಕೆ ಎಂಬ 79ನೇ ಕಲಮಿನ ರಕ್ಷಣೆ ದೊರೆಯಿತು. ಅಲ್ಲಿ ಆತ ಹುಚ್ಚನಾಗಿರಲಿಲ್ಲ. ಅವನ ಸಮುದಾಯ ನಂಬುವುದನ್ನೇ ನಂಬಿದ್ದ. ಸಮುದಾಯ ನಂಬುವುದನ್ನು ನಂಬುವವನು ಬೇರೆ, ಸಮುದಾಯದಲ್ಲಿ ಯಾರೂ ನಂಬದುದನ್ನು ತಾನೊಬ್ಬನೇ ನಂಬಿ ನಲುಗುವವನು ಬೇರೆ. ಈ ಗೆರೆಯನ್ನು ಎಳೆಯಬಲ್ಲವರು ಅದೇ ಸಮುದಾಯದ ಸಾಕ್ಷಿಗಳು.

ಆದ್ದರಿಂದ ಸಾಕ್ಷಿಯನ್ನು ‘ಅವನು ಹುಚ್ಚನೋ ಅಲ್ಲವೋ’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಅದು ತೀರ್ಮಾನವೇ ಹೊರತು ಸಾಕ್ಷ್ಯವಲ್ಲ. ಅವನು ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದ, ಯಾರ ಕೈಯ ಅನ್ನ ವಿಷವೆಂದು ಬಿಟ್ಟಿದ್ದ, ಯಾರನ್ನು ಗುರುತಿಸುತ್ತಿದ್ದ, ಯಾವ ಗುಡಿಗೆ ಎಷ್ಟು ಅಮಾವಾಸ್ಯೆ ಅವನನ್ನು ಕರೆದೊಯ್ದಿದ್ದರು, ಕೃತ್ಯದ ಬಳಿಕ ಓಡಿದನೋ ಅಲ್ಲೇ ಕುಳಿತನೋ ಎಂದು ಕೇಳಿದರೆ ಅದು ಸಾಕ್ಷ್ಯವಾಗುತ್ತದೆ. ಭೋಸಲೆ ತೀರ್ಪು ತೂಗಿದ್ದು ಇಂಥ ಸಂಗತಿಗಳನ್ನೇ.

5

ಆದರೂ ನೆನಪನ್ನೇ ನೆಚ್ಚಿ ಕೂರುವಂತಿಲ್ಲ. ನೆನಪು ಪಕ್ಷ ವಹಿಸಬಹುದು. ಬಂಧುತ್ವ ಸುಳ್ಳು ಹೇಳಿಸಬಹುದು. ದಹ್ಯಾಭಾಯಿ ತೀರ್ಪಿನ ಸಂಶಯಕ್ಕೆ ಕಾರಣವಿತ್ತು. ಸತ್ತವಳಿಗೂ ನ್ಯಾಯ ಸಲ್ಲಬೇಕು. ಆಕೆಯ ತವರಿನವರ ದುಃಖವನ್ನು ಕೊಂದವನ ಕಾಯಿಲೆಯ ಕಥೆಯ ಕೆಳಗೆ ಮುಚ್ಚುವಂತಿಲ್ಲ. ಆದಕಾರಣ ಕಾಯಿಲೆ ಕೃತ್ಯಕ್ಕೆ ಮುಂಚೆಯೇ, ಯಾವ ಮೊಕದ್ದಮೆಯ ನೆರಳೂ ಇಲ್ಲದಾಗ, ದಾಖಲಾಗುವ ವ್ಯವಸ್ಥೆ ಬೇಕು. ಅಂಥ ವ್ಯವಸ್ಥೆಯನ್ನು ಈ ದೇಶ ಮೊದಲು ಜಿಲ್ಲಾಮಟ್ಟದಲ್ಲಿ ಪರೀಕ್ಷಿಸಿದ್ದು ಬಳ್ಳಾರಿಯಲ್ಲಿ.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪಡೆದ ಅನುಭವವನ್ನು 1985ರಿಂದ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಅಲ್ಪಾವಧಿಯ ತರಬೇತಿ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಕಾಯಿಲೆಯ ಲಕ್ಷಣಗಳನ್ನು ಗುರುತಿಸುವ ಶಿಕ್ಷಣ, ಕೆಲವೇ ಅಗತ್ಯ ಔಷಧಿಗಳ ಪೂರೈಕೆ, ಸರಳ ರೋಗಿ ದಾಖಲೆ, ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ಮೇಲ್ವಿಚಾರಣೆ ಇವು ಅದರ ಅಂಗಗಳು. ಇದೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಆಗ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ನಾಲ್ಕೂ ಬಳ್ಳಾರಿಯ ತಾಲ್ಲೂಕುಗಳು.

ಈ ಪ್ರಯೋಗವನ್ನು ವೈದ್ಯಕೀಯ ಸಾಹಿತ್ಯ ಚಿಕಿತ್ಸೆಯ ದೃಷ್ಟಿಯಿಂದ ಚರ್ಚಿಸಿದೆ. ನ್ಯಾಯದ ದೃಷ್ಟಿಯಿಂದ ಅದರ ಮಹತ್ತ್ವ ಇನ್ನೊಂದು ಬಗೆಯದು. ಆರೋಗ್ಯ ಕೇಂದ್ರದ ಆ ಸರಳ ಚೀಟಿ ಬಡವನ ಕಾಯಿಲೆಗೆ ದೊರೆತ ಮೊದಲ ಕಾಗದ. ಪೊಲೀಸ್ ಪೇದೆಗೆ ಅವನ ನೌಕರಿ ಒದಗಿಸಿದ್ದನ್ನು ಕೂಲಿಯವನಿಗೆ ಆರೋಗ್ಯ ಕೇಂದ್ರ ಒದಗಿಸಬಲ್ಲದು. ಅದಕ್ಕಿಂತ ಮಿಗಿಲಾದ ಲಾಭವೂ ಇದೆ. ಕಾಯಿಲೆ ಸಕಾಲದಲ್ಲಿ ಪತ್ತೆಯಾಗಿ ಔಷಧಿ ನಿಲ್ಲದಂತೆ ದೊರೆತರೆ ಎಷ್ಟೋ ಕಡೆ ಕೃತ್ಯವೇ ನಡೆಯದು. ಮಾನಸಿಕ ಅಸ್ವಸ್ಥರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ ಎಂಬುದನ್ನೂ ಇಲ್ಲಿ ಒತ್ತಿ ಹೇಳಬೇಕು. ಇನ್ನೊಂದು ದಿಕ್ಕಿನ ಉಪೇಕ್ಷೆಗೆ ತಮಿಳುನಾಡಿನ ಏರ್ವಾಡಿ ಸಾಕ್ಷಿಯಾಗಿದೆ. 2001ರ ಆಗಸ್ಟ್ 6ರಂದು ಅಲ್ಲಿನ ಆಶ್ರಯತಾಣದಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಅಸ್ವಸ್ಥರು ಬಿಡಿಸಿಕೊಳ್ಳಲಾಗದೆ ಸುಟ್ಟು ಸತ್ತರು.

ಗುಡಿಗೆ ಹೋಗುವುದನ್ನು ತಪ್ಪೆಂದು ಜರೆಯುವುದು ಈ ಲೇಖನದ ಉದ್ದೇಶವಲ್ಲ. ಗುಡಿಗೆ ಹೋದ ಸಂಗತಿಯೂ ಒಂದು ಪುರಾವೆ. ಯಾವ ಮನೆತನವೂ ಕೆಲಸ ಬಿಟ್ಟು, ಸಾಲ ಮಾಡಿ, ಸುಮ್ಮನೆ ಒಬ್ಬನನ್ನು ಕ್ಷೇತ್ರದಿಂದ ಕ್ಷೇತ್ರಕ್ಕೆ ಕರೆದೊಯ್ಯುವುದಿಲ್ಲ.

6

ಪ್ರತಿವಾದ ಗೆದ್ದ ಮೇಲೇನು ಎಂಬ ಪ್ರಶ್ನೆಯನ್ನು ಕಲಮು ಎತ್ತುವುದಿಲ್ಲ. ಖುಲಾಸೆ ಎಂದರೆ ಮನೆಗೆ ಮರಳುವುದಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 335ನೇ ಕಲಮು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 374ನೇ ಕಲಮು, ಅಂಥವನನ್ನು ಸುರಕ್ಷಿತ ಬಂಧನದಲ್ಲಿಡಲು ಅಥವಾ ಜಾಮೀನಿನ ಮೇಲೆ ಬಂಧುಗಳಿಗೆ ಒಪ್ಪಿಸಲು ಅವಕಾಶ ಕೊಡುತ್ತದೆ. ಒಪ್ಪಿಸಿಕೊಳ್ಳುವ ಬಂಧುಗಳು ಬಾರದಿದ್ದರೆ ಬಂಧನವೇ ಬದುಕಾಗುತ್ತದೆ. ಮ್ಯಾಕ್‌ನಾಟನ್ ಕೂಡ ಖುಲಾಸೆಯ ನಂತರದ ಆಯುಷ್ಯವನ್ನೆಲ್ಲ ಹುಚ್ಚಾಸ್ಪತ್ರೆಗಳಲ್ಲಿ ಕಳೆದು 1865ರಲ್ಲಿ ತೀರಿಕೊಂಡ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ವಿಚಾರಣೆಯೇ ನಡೆಯಲಿಲ್ಲ. 1951ರಲ್ಲಿ ಬಂಧಿತರಾದ ಅವರು ಚಿತ್ತಸ್ವಾಸ್ಥ್ಯವಿಲ್ಲವೆಂಬ ಕಾರಣದಿಂದ ಆಸ್ಪತ್ರೆ, ಜೈಲುಗಳಲ್ಲಿ 54 ವರ್ಷ ಉಳಿದು, 2005ರಲ್ಲಿ ಬಿಡುಗಡೆಯಾದರು.

ಇಲ್ಲಿ ಕನ್ನಡ ನೆಲದಲ್ಲೇ ಹುಟ್ಟಿದ ಒಂದು ಹಳೆಯ ಗ್ರಂಥವನ್ನು ನೆನೆಯುವುದು ಉಚಿತ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯನ್ನು ಕೇಂದ್ರವಾಗುಳ್ಳ ಕೋಗಳಿನಾಡು ಅಂದು ಅದೇ ಅರಸರ ಆಳ್ವಿಕೆಯಲ್ಲಿತ್ತು. ಆ ಸ್ಮೃತಿಯು ಉನ್ಮತ್ತನು ಮಾಡಿದ ವ್ಯವಹಾರ ಅಸಿಂಧು ಎನ್ನುತ್ತದೆ. ಅವನಿಗೆ ದಾಯಭಾಗವಿಲ್ಲ ಎನ್ನುತ್ತದೆ. ಈ ಎರಡನೆಯದು ಇಂದಿನ ಸಮಾನತೆಯ ದೃಷ್ಟಿಗೆ ಒಪ್ಪತಕ್ಕದ್ದಲ್ಲ. ಆದರೆ ಅದೇ ಉಸಿರಿನಲ್ಲಿ ಅವನ ಪೋಷಣೆ ಕುಟುಂಬದ ಕರ್ತವ್ಯ ಎಂದೂ ವಿಧಿಸುತ್ತದೆ. ಅಸಾಮರ್ಥ್ಯವನ್ನು ಒಪ್ಪಿಕೊಂಡವರ ಮೇಲೆ ಪೋಷಣೆಯ ಹೊಣೆಯೂ ಬೀಳುತ್ತದೆ ಎಂಬುದು ಅದರ ತರ್ಕ. ಆಧುನಿಕ ಕಲಮು ಅಸಾಮರ್ಥ್ಯವನ್ನು ಒಪ್ಪಿ, ಹೊಣೆಯ ವಿಷಯದಲ್ಲಿ ಮೌನ ತಾಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಚಿಕಿತ್ಸೆಯನ್ನು ಹಕ್ಕೆಂದು ಸಾರಿ ಈ ಮೌನವನ್ನು ಭಾಗಶಃ ಮುರಿದಿದೆ. ಕಾಯಿಲೆಯ ನಿರ್ಧಾರವೊಂದರಿಂದಲೇ ಯಾರನ್ನೂ ಚಿತ್ತಸ್ವಾಸ್ಥ್ಯವಿಲ್ಲದವರೆಂದು ಭಾವಿಸಬಾರದೆಂದೂ ಅದು ಹೇಳುತ್ತದೆ. ಅದರ ಆಶಯ ಮತ್ತು ದಂಡಸಂಹಿತೆಯ 22ನೇ ಕಲಮು ಇನ್ನೂ ಒಂದನ್ನೊಂದು ಮುಖಾಮುಖಿಯಾಗಿ ಮಾತಾಡಿಸಿಲ್ಲ.

7

ಒಟ್ಟಾರೆಯಾಗಿ ನೋಡಿದರೆ, ಚಿತ್ತವಿಕಲತೆಯ ಪ್ರತಿವಾದದ ಕೊರತೆ ಅದರ ಪದಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಅದನ್ನು ತುಂಬುವ ಸಾಕ್ಷ್ಯದಲ್ಲಿದೆ. ಮೂರು ಕೆಲಸಗಳು ಆಗಬೇಕಾಗಿವೆ. ಕೊಲೆಯ ತನಿಖೆಯಲ್ಲಿ, ವಿಶೇಷವಾಗಿ ಮನೆಯೊಳಗಿನ ಕೊಲೆಯ ತನಿಖೆಯಲ್ಲಿ, ಆಪಾದಿತನ ಹಿಂದಿನ ನಡವಳಿಕೆಯನ್ನು ಮೊದಲ ಹೇಳಿಕೆಯಲ್ಲೇ ಕೇಳಿ ದಾಖಲಿಸಬೇಕು. ಸಾಕ್ಷಿ ಬಳಸಿದ ಪದವನ್ನು ಅವರ ನುಡಿಯಲ್ಲೇ ಉಳಿಸಿಕೊಂಡು, ಅದರಿಂದ ಅವರು ಕಂಡದ್ದೇನೆಂದು ಬಿಡಿಸಿ ಬರೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಮಾನಸಿಕ ರೋಗಿಗಳ ದಾಖಲೆಯನ್ನು, ರೋಗಿಯ ಖಾಸಗಿತನಕ್ಕೆ ಭಂಗ ಬಾರದಂತೆ, ಕಾಪಾಡಿ ಇಡಬೇಕು. ಬಳ್ಳಾರಿ ಮಾದರಿ ಹುಟ್ಟಿದ ನೆಲದಲ್ಲಿ ಇದು ಅಸಾಧ್ಯವೆನ್ನಲು ಕಾರಣವಿಲ್ಲ.

ಕನ್ನಡ ಸಂಶೋಧನೆಗೂ ಇಲ್ಲಿ ಪಾಲಿದೆ. ನಮ್ಮ ಜಾನಪದ ಅಧ್ಯಯನಗಳು ಗೊರವರ ಆವೇಶವನ್ನು, ಕಾರಣಿಕದ ನುಡಿಯನ್ನು ಶ್ರದ್ಧೆಯಿಂದ ಸಂಗ್ರಹಿಸಿವೆ. ಮರಳಿ ಬಾರದವರ ಬಗ್ಗೆ ಜನ ಬಳಸುವ ಪದಗಳನ್ನು, ತಾಲ್ಲೂಕಿನಿಂದ ತಾಲ್ಲೂಕಿಗೆ ಅವುಗಳ ಅರ್ಥಛಾಯೆ ಬದಲಾಗುವ ಬಗೆಯನ್ನು ಅಷ್ಟೇ ಶ್ರದ್ಧೆಯಿಂದ ಕೋಶರೂಪಕ್ಕೆ ತರುವ ಕೆಲಸ ಆಗಬೇಕಾಗಿದೆ. ‘ಖಬರು ಇದ್ದಿಲ್ಲ’ ಎಂಬ ಮಾತು ಯಾವಾಗ ಕುಡಿತವನ್ನು, ಯಾವಾಗ ದುಃಖವನ್ನು, ಯಾವಾಗ ಕಾಯಿಲೆಯನ್ನು ಸೂಚಿಸುತ್ತದೆಂದು ತಿಳಿಸುವ ಒಂದು ವಿಶ್ವಾಸಾರ್ಹ ನಮೂದು, ಮುಂದೊಂದು ದಿನ ನ್ಯಾಯಾಲಯದಲ್ಲಿ ಒಬ್ಬನ ಜೀವದ ಪ್ರಶ್ನೆಯನ್ನು ನಿರ್ಧರಿಸಲು ಬೇಕಾಗಬಹುದು.